ಕ್ಷೌರಿಕನ ತಲೆ

“ನೀವು ತಿರುಗಿಸ್ಬೇಡಿ, ನಾನು ತಿರುಗಿಸ್ತೀನಿ. ತಲೆ ನನಗೆ ಬಿಟ್ಬಿಡಿ,” ಎಂದು ಫಿಸಿಯೋಥೆರಪಿಸ್ಟ್ ಹುಡುಗಿ ಮತ್ತೆ ಹೇಳಿದಳು.

ಎತ್ತರದ ಮಂಚದ ಮೇಲೆ ಕಾಲು ನೀಡಿ ಕುಳಿತಿದ್ದ ಕ್ಷೌರಿಕ ಆಗಲಿ ಎಂದ. ಆದರೆ ಅವಳ ಬೆರಳು ಕಿವಿಯ ಹಿಂದೆ ತಾಗಿದ್ದೇ ತಡ, ಅವನ ತಲೆ ತಾನಾಗಿಯೇ ಬಲಕ್ಕೆ ಹೊರಳಿತು. ಅವನ ಕಸುಬಿನಲ್ಲಿ ಅದು ಮರ್ಯಾದೆ. ಬೆರಳು ಸೋಕಿದೊಡನೆ ಇಂಗಿತ ತಿಳಿದು ತಿರುಗುವ ಗಿರಾಕಿಯೆಂದರೆ ಅವನಿಗೆ ಅಚ್ಚುಮೆಚ್ಚು. ಕತ್ತು ಬಿಗಿದು ಕೂರುವವರ ಬಗ್ಗೆ ಮನೆಗೆ ಹೋಗಿ ಹೆಂಡತಿಯ ಮುಂದೆ ಗೊಣಗುತ್ತಿದ್ದ. ತಾನೀಗ ಒಳ್ಳೆಯ ಗಿರಾಕಿಯಾಗಿದ್ದೇನೆ ಎಂದೇ ಪಾಪ ಅವನು ತಿಳಿದಿದ್ದ. ತೊಂದರೆಯೆಂದರೆ, ಎಲ್ಲಿ ತಲೆಸುತ್ತು ಶುರುವಾಗುತ್ತದೋ ಅದಕ್ಕೆ ಕೂದಲೆಳೆಯಷ್ಟು ಮೊದಲೇ ಆ ತಲೆ ಗಕ್ಕನೆ ನಿಂತುಬಿಡುತ್ತಿತ್ತು.

ಗೋಡೆಗೆ ಒರಗಿ ನಿಂತಿದ್ದ ತಮ್ಮನಿಗೆ ನಗು. ಅವನೂ ಕ್ಷೌರಿಕನೇ, ಅಣ್ಣನ ಅಂಗಡಿಯ ಎರಡನೇ ಕುರ್ಚಿ ಅವನದು.

“ನನಗೆ ಕೆಲಸ ಕಲಿಸಿದೋನು ಇವನೇ ಮೇಡಂ. ಆದ್ರೂ ಇವತ್ತಿನವರೆಗೂ ನನ್ನ ಕೈಗೆ ತಲೆ ಕೊಟ್ಟಿಲ್ಲ. ಎರಡು ಕನ್ನಡಿ ಇಟ್ಕೊಂಡು ತಾನೇ ಕತ್ತರಿಸ್ಕೋತಾನೆ. ಬೇಕಾದ್ರೆ ಹಿಂದುಗಡೆ ನೋಡಿ.”

ಅವಳು ನೋಡಿದಳು. ಹಿಂದುಗಡೆ ಏರುಪೇರಾಗಿತ್ತು. ನಗು ತಡೆದುಕೊಂಡಳು.

ಅವನನ್ನು ಇಲ್ಲಿಗೆ ಕಳಿಸಿದ್ದು ಕಿವಿಯ ಡಾಕ್ಟರು. ಬಗ್ಗಿದರೆ ಸಾಕು, ಲೋಕವೆಲ್ಲ ಗಿರ್ರನೆ ತಿರುಗುತ್ತಿತ್ತು. ಒಳಗಿವಿಯ ಸಣ್ಣ ಹರಳುಗಳು ಜಾಗ ತಪ್ಪಿವೆ, ತಲೆಯನ್ನು ಹದವಾಗಿ ಓರೆ ಮಾಡಿ ಮಲಗಿಸಿ, ಹೊರಳಿಸಿದರೆ ಮೊದಲಿದ್ದಲ್ಲಿಗೆ ಜಾರುತ್ತವೆ ಎಂದು ಹುಡುಗಿ ವಿವರಿಸಿದ್ದಳು. ಹಳೆಯ ಗಿರಾಕಿಯೊಬ್ಬರ ಕಿವಿಯ ತುದಿಗೆ ಅವನ ಕೈಯಿಂದ ಗಾಯವಾದ ದಿನದಿಂದ ಕ್ಷೌರದ ಕತ್ತಿ ತಮ್ಮನ ಕೈಗೆ ಹೋಗಿತ್ತು. ಅಣ್ಣನ ಪಾಲಿಗೆ ಕತ್ತರಿ, ಬಾಚಣಿಗೆ, ಮಕ್ಕಳ ತಲೆ. ಯಾರೂ ಬೈದಿರಲಿಲ್ಲ, ಗಾಯವಾದವರೇ ಹೋಗಲಿ ಬಿಡಪ್ಪಾ ಎಂದಿದ್ದರು. ಬಿಡಲು ಆಗದಿದ್ದವನು ಅವನೊಬ್ಬನೇ. ಕತ್ತಿ ಹಿಡಿಯಲಾರದವನು ಅಂಗಡಿಯಲ್ಲಿದ್ದರೂ ಒಂದೇ, ಮನೆಯಲ್ಲಿದ್ದರೂ ಒಂದೇ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು.

ಹುಡುಗಿ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. “ಸುತ್ತು ಬರ್ಬಾರ್ದು ಅಂತ ನೀವು ತಡೀತಿದೀರಿ. ಅದು ಬಂದು ಹೋದ್ರೇನೇ ಹರಳು ಜರುಗೋದು. ಯಾತಕ್ಕೆ ಇಷ್ಟು ಹೆದರಿಕೆ?”

ಅವನು ತಮ್ಮನ ಕಡೆ ನೋಡಲಿಲ್ಲ. “ಕಿವಿಗೆ ತಾಗಿದ್ದು ಎಲ್ರಿಗೂ ಗೊತ್ತು. ಆದ್ರೆ ಸುತ್ತು ಶುರುವಾದಾಗ ಕತ್ತಿ ಕಿವಿ ಹತ್ರ ಇರ್ಲಿಲ್ಲ. ಅವರ ಗಂಟಲ ಮೇಲಿತ್ತು. ನನ್ನ ಕಣ್ಣೆದುರಿಗೇ ಆ ಗಂಟಲು ಜಾರ್ಕೊಂಡು ಜಾರ್ಕೊಂಡು ಹೋಗ್ತಿತ್ತು. ಕೈ ಎಳ್ಕೊಳ್ಳೋ ಆತುರದಲ್ಲಿ ಕಿವಿಗೆ ತಾಗ್ತು, ಅಷ್ಟೇ.”

ತಮ್ಮನ ಮುಖದ ನಗು ಇಂಗಿಹೋಯಿತು. ಪಕ್ಕದ ಕುರ್ಚಿಯಲ್ಲೇ ಇದ್ದ ಅವನಿಗೂ ಈ ಮಾತು ಗೊತ್ತಿರಲಿಲ್ಲ. ಇಷ್ಟು ದಿನ ಅಣ್ಣ ಇದನ್ನು ಒಬ್ಬನೇ ಹೊತ್ತು ತಿರುಗಿದ್ದ. ತಮ್ಮ ಮಂಚದ ಬಳಿ ಬಂದು, ಸರಿಯಾಗಿಯೇ ಇದ್ದ ಟವೆಲನ್ನು ಸರಿ ಮಾಡಿದ.

ಹುಡುಗಿ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. “ಇಲ್ಲಿ ನಿಮ್ಮ ಕೈಲಿ ಏನೂ ಇಲ್ವಲ್ಲ,” ಎಂದಳು. “ಎಷ್ಟು ಸುತ್ತಿದ್ರೂ ಯಾರಿಗೂ ಏನೂ ಆಗಲ್ಲ.”

ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಹೌದು, ಖಾಲಿ. ಕತ್ತು ಸಡಿಲ ಬಿಟ್ಟ.

ಅವಳು ಆ ತಲೆಯನ್ನು ಬಲಕ್ಕೆ ಹೊರಳಿಸಿ, ಅವನನ್ನು ಅಂಗಾತ ಮಲಗಿಸಿ, ತಲೆಯನ್ನು ಮಂಚದ ಅಂಚಿನಾಚೆ ಇಳಿಬಿಟ್ಟಳು. ಫ್ಯಾನು, ಕಿಟಕಿ, ತಮ್ಮನ ಮುಖ ಎಲ್ಲ ಒಂದರ ಹಿಂದೊಂದು ಹರಿದುಹೋದವು. ಅವನು ಗಟ್ಟಿಯಾಗಿ ನರಳಿದ. ಕಣ್ಣು ಮುಚ್ಚಬೇಡಿ ಎಂದು ಅವಳು ಹೇಳುತ್ತಲೇ ಇದ್ದಳು. ಹರಿವು ನಿಧಾನವಾಯಿತು. ಕಿಟಕಿ ಬಂದು ನಿಂತಿತು. ಅವಳು ತಲೆಯನ್ನು ಎಡಕ್ಕೆ ಹೊರಳಿಸಿದಳು, ಆಮೇಲೆ ಮೈಯನ್ನೂ. ಕೊನೆಗೆ ಎಬ್ಬಿಸಿ ಕೂರಿಸಿದಾಗ ಅವನ ಕೆನ್ನೆ ಒದ್ದೆಯಾಗಿತ್ತು. ನಾಚಿಕೆಯೇನೂ ಆಗಲಿಲ್ಲ.

ಒಂದೇ ಸಲಕ್ಕೆ ಹೋಗುವ ಪೀಡೆಯಲ್ಲ ಅದು. ಇನ್ನೂ ಕೆಲವು ಸಲ ಬರಬೇಕಾಯಿತು. ಮನೆಯಲ್ಲಿ ಮಾಡಲು ವ್ಯಾಯಾಮ ಬೇರೆ: ದಿಂಬಿನ ಮೇಲೆ ನಿಲ್ಲುವುದು, ಅತ್ತಿತ್ತ ತಲೆಯಾಡಿಸುತ್ತ ನಡೆಯುವುದು. ಸೈಕಲ್ ಕಲಿಸುವವನಂತೆ ತಮ್ಮ ಹಿಂದೆ ಹಿಂದೆಯೇ ಇರುತ್ತಿದ್ದ. ಕೊನೆಗೊಂದು ದಿನ ಹುಡುಗಿ ಎಲ್ಲ ಕಡೆಗೂ ಹೊರಳಿಸಿ ನೋಡಿ, ಇನ್ನು ಬಗ್ಗಿ ಕೆಲಸ ಮಾಡಬಹುದು ಎಂದಳು.

ಮಾರನೆಯ ಬೆಳಿಗ್ಗೆ ತಮ್ಮ ಕತ್ತಿಗೆ ಹೊಸ ಬ್ಲೇಡು ಹಾಕಿ ಅಣ್ಣನ ಕನ್ನಡಿಯ ಮುಂದಿಟ್ಟ. ಮೊದಲು ಬಂದವರು ಅಪರಿಚಿತರು, ಹೆಗಲ ಮೇಲೆ ಪ್ರಯಾಣದ ಚೀಲ. ದಾಡಿ ಮಾಡಿ ಎಂದು ಅವನ ಕುರ್ಚಿಯಲ್ಲೇ ಕೂತರು. ಅವನು ನೊರೆ ಹಚ್ಚಿದ, ಕತ್ತಿ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

“ಸಾರ್, ಒಂದ್ಮಾತು. ನನಗೆ ತಲೆಸುತ್ತು ಇತ್ತು. ಈಗ ವಾಸಿಯಾಗಿದೆ, ಚಿಕಿತ್ಸೆ ಮಾಡಿದವ್ರೂ ಹೇಳಿದಾರೆ. ಆದ್ರೆ ಅದಾದ್ಮೇಲೆ ಕತ್ತಿ ಹಿಡೀತಿರೋದು ಇದೇ ಮೊದಲು. ಬೇಡ ಅನ್ಸಿದ್ರೆ ನನ್ನ ತಮ್ಮ ಮಾಡ್ಕೊಡ್ತಾನೆ.”

ತಮ್ಮನ ಕೈಯ ಕತ್ತರಿ ಗಾಳಿಯಲ್ಲೇ ನಿಂತಿತು. ಅಪರಿಚಿತರು ಕನ್ನಡಿಯೊಳಗಿಂದ ಅಣ್ಣನನ್ನು ನೋಡಿದರು, ತಮ್ಮನನ್ನು ನೋಡಿದರು, ಇನ್ನೊಮ್ಮೆ ಅಣ್ಣನನ್ನು ನೋಡಿದರು. ನೊರೆಯ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿದ್ದವು. ಆಮೇಲೆ ಅವರು ಹಿಂದಕ್ಕೊರಗಿ, ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿದರು.

ಅವನು ಕತ್ತಿ ತೆಗೆದುಕೊಂಡು ಬಗ್ಗಿದ. ಗಂಟಲು ಇದ್ದಲ್ಲೇ ಇತ್ತು.