ಮೂರು ಹೊಡೆತ

ಎರಡನೆಯ ಹೊಡೆತಕ್ಕೇ ಕೋಲಿನ ಕಬ್ಬಿಣದ ಮೊನೆ ಕಡಲ ಮೇಲಿನ ಮಂಜುಗಡ್ಡೆಯನ್ನು ತೂರಿ ಕೆಳಗಿಳಿಯಿತು. ಮಿಟೆಕ್ ಅದನ್ನು ಎಳೆದುಕೊಂಡಾಗ ತೂತಿನಿಂದ ಕಪ್ಪು ನೀರು ಮೇಲೆ ಬಂತು.

"ನಿನ್ನ ಕೈ ಭಾರ ಅಣ್ಣಾ. ಮೀನಿನ ಕಾರ್ಖಾನೇಲಿ ಪೆಟ್ಟಿಗೆ ಎತ್ತೀ ಎತ್ತೀ ಹಾಗಾಗಿದೆ," ಎಂದ ಪಾವಿಯಾ.

ಮಿಟೆಕ್ ಅವನ ಮೊಮ್ಮಗಳು, ಇಪ್ಪತ್ತಾರರ ಹೆಣ್ಣು. ಪಾವಿಯಾನ ಅಣ್ಣ ತೀರಿಕೊಂಡ ವರ್ಷ ಹುಟ್ಟಿದ್ದರಿಂದ ಅವನ ಹೆಸರು ಅವಳಿಗೆ ಬಂತು; ಅವರ ಕಡೆಯ ರೂಢಿಯಂತೆ ಹೆಸರಿನ ಜೊತೆ ನಂಟೂ ಬಂತು. ತೊಟ್ಟಿಲಲ್ಲಿದ್ದಾಗಿನಿಂದ ಪಾವಿಯಾ ಅವಳನ್ನು ಅಣ್ಣ ಎಂದೇ ಕರೆದ. ಅವಳೂ ಅವನನ್ನು ತಮ್ಮ ಅನ್ನುತ್ತಿದ್ದಳು. ಶಾಲೆಗೆ ಹೋಗತೊಡಗಿದ ಮೇಲೆ ನಾಚಿಕೆಯಾಗಿ ತಾತ ಎಂದು ಬದಲಾಯಿಸಿದಳು.

ಅಂದು ಫೆಬ್ರುವರಿಯ ಕೊನೆಯ ದಿನ. ಆ ತಿಂಗಳೊಳಗೆ ಜಾರುಬಂಡಿ ಕೊಲ್ಲಿ ದಾಟದಿದ್ದರೆ ಏಳೂ ನಾಯಿಗಳನ್ನು ಉತ್ತರದ ಊರಿನವರಿಗೆ ಕೊಟ್ಟುಬಿಡುವುದಾಗಿ ಪಾವಿಯಾ ಅವಳಿಗೆ ಮಾತು ಕೊಟ್ಟಿದ್ದ. ಕಡಲು ಸರಿಯಾಗಿ ಹೆಪ್ಪುಗಟ್ಟದೆ ಎರಡು ಚಳಿಗಾಲವನ್ನು ಅವು ಸರಪಳಿಯಲ್ಲೇ ಕಳೆದಿದ್ದವು. ಈಗ ಬಂಡಿ ಎಳೆಯುವ ಪಟ್ಟಿ ಕಟ್ಟಿಸಿಕೊಂಡು, ಬೀಸಣಿಗೆ ಬಿಚ್ಚಿದ ಹಾಗೆ ಬಂಡಿಯ ಮುಂದೆ ಹರಡಿ ನಿಂತು ಕುಂಯ್‌ಗುಡುತ್ತಿದ್ದವು.

ಮೊದಲೆಲ್ಲ ಕಡಲು ಡಿಸೆಂಬರಿಗೇ ಹೆಪ್ಪುಗಟ್ಟಿ ಮೇ ತಿಂಗಳವರೆಗೆ ಇರುತ್ತಿತ್ತು. ಎಂಬತ್ತನಾಲ್ಕನೆಯ ಇಸವಿಯಲ್ಲಿ ಅಣ್ಣನ ಮದುವೆಗೆ ಹತ್ತೊಂಬತ್ತು ಬಂಡಿಗಳು ಒಂದೇ ದಿನ ಕೊಲ್ಲಿ ದಾಟಿದ್ದವು. ಒಂದರಲ್ಲಿ ಇಗರ್ಜಿಯ ಹಾರ್ಮೋನಿಯಂ ಇತ್ತು. ನಡುದಾರಿಯಲ್ಲಿ ಕಾಫಿಗೆ ನಿಂತಾಗ ಯಾರೋ ಅದನ್ನು ನುಡಿಸಿದ್ದರು. ಚಳಿಗೆ ಅದರ ಎರಡು ಕೀಗಳು ಸ್ವರ ಹೊರಡಿಸಲಿಲ್ಲ. ಎಲ್ಲರಿಗಿಂತ ಮುಂದೆ ಕೋಲು ಹಿಡಿದು ನಡೆದವನು ಅಣ್ಣ. ಗಡ್ಡೆ ಮೂರು ಹೊಡೆತ ತಡೆದರೆ ಬಂಡಿ ಮುಂದಕ್ಕೆ, ಇಲ್ಲದಿದ್ದರೆ ಮನೆಗೆ. ಆ ಲೆಕ್ಕ ಅವನದು.

"ಕೊಡು ಇಲ್ಲಿ," ಎಂದು ಪಾವಿಯಾ ಕೋಲು ತೆಗೆದುಕೊಂಡು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದ. ಒಂದು. ಎರಡು. ಮೂರು. ನೀರು ಬರಲಿಲ್ಲ. "ನೋಡಿದೆಯಾ?"

"ಕಾಫಿ ಬಟ್ಟಲಿಗೆ ಚಮಚ ತಟ್ಟಿದ ಹಾಗಿತ್ತು, ತಾತ."

"ಬಂಡಿ ಖಾಲಿ. ನಾನೂ ಒಣಗಿದ ಮೀನಿನಷ್ಟೇ ಹಗುರ. ಇಷ್ಟು ಸಾಕು."

ಅವಳು ಅವನ ಎದುರಿಗೆ ಬಂದು ನಿಂತಳು.

"ತಮ್ಮಾ," ಎಂದಳು. "ಈ ಲೆಕ್ಕ ನಿನಗೆ ಕಲಿಸಿದ್ದು ಯಾರು?"

ಅವನು ಆ ಕರೆ ಕೇಳಿ ಇಪ್ಪತ್ತು ವರ್ಷವಾಗಿತ್ತು.

"ನೀನು," ಎಂದ ಪಾವಿಯಾ.

"ಹಾಗಾದ್ರೆ ನಾನು ಕಲಿಸಿದ ಹಾಗೆ ಹೊಡಿ."

ಅವನು ಕೋಲನ್ನು ಭುಜದ ಮಟ್ಟಕ್ಕೆ ಎತ್ತಿದ. ಮೊದಲ ಹೊಡೆತಕ್ಕೆ ಗಡ್ಡೆ ಬಿಳಿಚಿತು. ಎರಡನೆಯದಕ್ಕೆ ಕೋಲು ಅವನ ಮುಷ್ಟಿಯವರೆಗೂ ಇಳಿಯಿತು.

ಪಾವಿಯಾ ಮೊನೆಯನ್ನು ಕೈಗವಸಿನಿಂದ ಒರೆಸಿದ. ಇಬ್ಬರೂ ನಾಯಿಗಳನ್ನು ದಡಕ್ಕೆ ಕರೆತಂದು ಒಂದೊಂದರ ಪಟ್ಟಿಯನ್ನೂ ಬಿಚ್ಚಿದರು. ಮಿಟೆಕ್ ಹಗ್ಗ ಸುತ್ತಿದಳು.

ನಾಯಿಗಳು ಚದುರಲಿಲ್ಲ. ಹಗ್ಗವಿಲ್ಲದೆಯೂ ಅದೇ ಬೀಸಣಿಗೆಯ ಆಕಾರದಲ್ಲಿ, ತಮ್ಮ ತಮ್ಮ ಜಾಗದಲ್ಲಿ, ಆಚೆ ದಡದ ಕಡೆ ಮುಖ ಮಾಡಿ ಕುಳಿತವು.