ಕರೆದರೆ ತಿರುಗುವ ಗಂಡ

ಮುನಿರಾಮಯ್ಯನ ಬಲಭುಜ ಹಠ ಹಿಡಿದು ನಾಲ್ಕು ತಿಂಗಳಾಗಿತ್ತು. ಕೈಗರಗಸ ಹಿಡಿದು ಹತ್ತು ಸಲ ಎಳೆದರೆ ಎರಡು ದಿನ ತೋಳು ಮೇಲಕ್ಕೇಳುತ್ತಿರಲಿಲ್ಲ. "ಮರ ಕುಯ್ಯೋದು ಬಿಡಿ, ಇಲ್ಲ ಮಿಷನ್ ತಗೊಳ್ಳಿ" ಅಂದುಬಿಟ್ಟರು ಡಾಕ್ಟರು. ಬಿಡುವುದು ಹೇಗೆ? ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರಾದ ಮೇಲೆ ಅವನು ಚನ್ನಪಟ್ಟಣದ ಹತ್ತಿರದ ದೊಡ್ಡಮಳೂರಿನ ಮನೆ ಪಕ್ಕದ ಶೆಡ್ಡಿನಲ್ಲೇ ಬದುಕಿದ್ದ. ಅವನು ಮಾಡಿಕೊಟ್ಟ ಚಪಾತಿ ಮಣೆ ಇಲ್ಲದ ಅಡುಗೆಮನೆಯನ್ನು ಆ ಬೀದಿಯಲ್ಲಿ ಹುಡುಕಬೇಕು.

ಮಿಷನ್ನಿಗೆ ಹೆಂಡತಿ ನಾಗಲಕ್ಷ್ಮಮ್ಮ ಒಪ್ಪಬೇಕಿತ್ತು. ಅವಳಿಗಿದ್ದದ್ದು ದುಡ್ಡಿನ ಚಿಂತೆಯಲ್ಲ, ಬೆರಳಿನ ಚಿಂತೆ. ಅವನು ಮೊಬೈಲಿನಲ್ಲಿ ಟೇಬಲ್ ಸಾ, ಅಂದರೆ ಮೇಜಿಗೆ ಕೂರಿಸಿದ ಕರೆಂಟ್ ಗರಗಸದ ವಿಡಿಯೊ ನೋಡುತ್ತಿದ್ದರೆ, ಅವಳು ಪಕ್ಕದಲ್ಲಿ ಕೂತು ಅದರಲ್ಲಿ ಕೆಲಸ ಮಾಡುವವರ ಬೆರಳು ಎಣಿಸುತ್ತಿದ್ದಳು.

"ಅಂಗಡಿಗೆ ನಾನೂ ಬತ್ತೀನಿ. ನಾನು ಹೂಂ ಅಂದ್ರೆ ತಗಳಿ. ಊಹೂಂ ಅಂದ್ರೆ ಬುಟ್ಬುಡಿ," ಅಂದಳು ಕೊನೆಗೆ.

ರಾಮನಗರದ ಅಂಗಡಿಯಲ್ಲಿ ಇದ್ದವಳು ಮಜೀದಾ. ಅಪ್ಪನ ಅಂಗಡಿಯನ್ನು ಈಗ ಅವಳೇ ನೋಡಿಕೊಳ್ಳುತ್ತಿದ್ದಳು. ಮುನಿರಾಮಯ್ಯ ಬಟ್ಟೆ ಚೀಲದಿಂದ ಒಂದು ಹಲಸಿನ ಹಲಗೆ ತೆಗೆದಿಟ್ಟಾಗ ಅವಳಿಗೆ ನಗು ಬಂತು.

"ಮರ ಮನೆಯಿಂದಾನೇ ತಂದ್ರಾ ಅಂಕಲ್?"

"ಇವ್ಳು ಸೀರೆ ತಗಂಡೋಗಿ ಬ್ಲೌಸ್ ಪೀಸ್ ಮ್ಯಾಚ್ ಮಾಡಲ್ವ? ಅಂಗೇಯ. ನಮ್ ಮರ ಕುಯ್ದು ನೋಡ್ದೆ ಎಂಗಮ್ಮ ತಗಳದು?"

ಅವನ ಕಣ್ಣು ಮೂಲೆಯಲ್ಲಿದ್ದ ದೊಡ್ಡ ಬೀಡುಕಬ್ಬಿಣದ ಮಿಷನ್ನಿನ ಮೇಲಿತ್ತು. ಎಮ್ಮೆ ಮಲಗಿದಂತೆ ಅಲ್ಲಾಡದೆ ಕೂತಿತ್ತು ಅದು. ಹಲಗೆ ಒಂದು ಕೂದಲೆಳೆಯೂ ಓರೆಯಾಗುವುದಿಲ್ಲವಂತೆ. ಆದರೆ ಬ್ಲೇಡಿಗೆ ಮುಚ್ಚಳವಿಲ್ಲ, ಸ್ವಿಚ್ಚು ಹಿಂದುಗಡೆ. ಮಜೀದಾ ಅವನನ್ನು ಇನ್ನೊಂದು ಚಿಕ್ಕದರ ಮುಂದೆ ನಿಲ್ಲಿಸಿದಳು. ಅದರ ಬ್ಲೇಡಿನ ಮೇಲೆ ಮುಚ್ಚಳ, ಹಲಗೆ ಹಿಂದಕ್ಕೆ ಎಗರದ ಹಾಗೆ ಬ್ಲೇಡಿನ ಬೆನ್ನಿಗೊಂದು ತಗಡು, ಮುಂದೆ ಮೊಣಕಾಲಿಗೆ ಸಿಗುವ ಅಗಲವಾದ ಕೆಂಪು ಸ್ವಿಚ್ಚು.

"ಇದು ಆಟದ ಸಾಮಾನಿದ್ದಂಗೈತೆ," ಅಂದ ಮುನಿರಾಮಯ್ಯ.

"ನಮ್ ಚನ್ನಪಟ್ಟಣದೋರು ಆಟದ ಸಾಮಾನಲ್ಲೇ ಅಲ್ವಾ ಅಂಕಲ್ ಊಟ ಮಾಡೋದು? ಕುಯ್ದು ನೋಡಿ."

ಅವನು ಕನ್ನಡಕ ಹಾಕಿಕೊಂಡು ಹಲಗೆ ತಳ್ಳತೊಡಗಿದ. ಮಜೀದಾ ಪಕ್ಕದಲ್ಲೇ ನಿಂತಳು. ಗರಗಸ ಕಿರುಚಿಕೊಂಡಿತು, ಹಲಸಿನ ಹಳದಿ ಹೊಟ್ಟು ಚಿಮ್ಮಿತು. ಗಂಡನ ಮುಖ ಎಷ್ಟೋ ತಿಂಗಳ ಮೇಲೆ ಅಷ್ಟು ಅರಳಿದ್ದನ್ನು ಹಿಂದೆ ನಿಂತಿದ್ದ ನಾಗಲಕ್ಷ್ಮಮ್ಮ ಓರೆಯಿಂದಲೇ ಕಂಡಳು. ಕಂಡು ಮನಸ್ಸು ಸಡಿಲವಾಗಿದ್ದೇ ತಡ, ಮನೆ ನೆನಪಾಯಿತು.

"ಏನಂದ್ರೆ, ಗ್ಯಾಸ್ ಆಫ್ ಮಾಡಿದ್ರಾ?"

"ಮಾಡ್ದೆ ಕಣೆ," ಅಂತ ಮುನಿರಾಮಯ್ಯ ಪೂರಾ ಅವಳ ಕಡೆ ತಿರುಗಿದ. ಮುಖದಲ್ಲಿ ನಗು. ಕೈ ಮಾತ್ರ ಹಲಗೆ ತಳ್ಳುತ್ತಲೇ ಇತ್ತು.

ಮಜೀದಾ ಮೊಣಕಾಲಿನಿಂದ ಕೆಂಪು ಸ್ವಿಚ್ಚನ್ನು ಒದ್ದಳು. ಸದ್ದು ಇಳಿಯಿತು. ಮುಚ್ಚಳ ಇದ್ದೇ ಇತ್ತು. ಆದರೆ ಹಲಗೆ ಬಂದರೆ ಅದು ತಾನಾಗಿ ಮೇಲೇಳುತ್ತದೆ, ಹೆಬ್ಬೆರಳು ಬಂದರೂ ಏಳುತ್ತದೆ. ಬ್ಲೇಡಿಗೂ ಅವನ ಹೆಬ್ಬೆರಳಿಗೂ ನಡುವೆ ಒಂದು ಬೆಂಕಿಪೊಟ್ಟಣ ಹಿಡಿಸುವಷ್ಟು ಜಾಗವಿತ್ತು.

"ಆಂಟಿ," ಅಂದಳು ಮಜೀದಾ ಮೆಲ್ಲಗೆ, "ಮನೇಲಿ ದಿನಕ್ಕೆ ಎಷ್ಟು ಸಲ ಕರೀತೀರಿ?"

ನಾಗಲಕ್ಷ್ಮಮ್ಮ ಲೆಕ್ಕ ಇಟ್ಟವಳಲ್ಲ. ಕಾಯಿ ಸುಲಿಯೋಕೆ, ಹಲ್ಲಿ ಓಡಿಸೋಕೆ, ಕನ್ನಡಕ ಹುಡುಕೋಕೆ, ಒಂದೊಂದು ಸಲ ಸುಮ್ಮನೆ. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಅವನು ಎರಡನೇ ಸಲ ಕರೆಸಿಕೊಂಡವನಲ್ಲ. "ನಮ್ಮನೆಯೋರನ್ನ ಒಂದ್ಸಲ ಕೂಗಿದ್ರೆ ಸಾಕು ಕಣ್ರೇ" ಅಂತ ಓರಗಿತ್ತಿಯರ ಮುಂದೆ ಅವಳು ಜಂಬ ಪಟ್ಟಿದ್ದು ಅದೊಂದಕ್ಕೇ. ಈಗ ಬೆರಳು ತಿನ್ನಲು ಹೊರಟಿದ್ದದ್ದೂ ಅದೇ.

ಮುನಿರಾಮಯ್ಯ ಕನ್ನಡಕ ತೆಗೆದಿಟ್ಟ. "ಬ್ಯಾಡ ಬುಡು ನಾಗು. ಹೋಗನ."

ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅರ್ಧ ಕುಯ್ದ ಹಲಗೆಯನ್ನು ಚೀಲಕ್ಕೆ ಹಾಕಿಕೊಂಡು, ನೋಯುವ ಭುಜಕ್ಕೇ ಅದನ್ನು ನೇತುಹಾಕಿಕೊಂಡ. ಅವಳಿಗೆ ಅದನ್ನು ನೋಡಲಾಗಲಿಲ್ಲ.

"ನಿಂತ್ಕಳಿ. ಮಜೀದಾ, ಕರೆಂಟ್ ವೈರು ಕಿತ್ತಾಕಮ್ಮ. ನೀವು ಹಲ್ಗೆ ಇಟ್ಟು ಸುಮ್ನೆ ತಳ್ಳಿ. ನಾನ್ ಕರೀತೀನಿ, ತಿರುಗಬೇಡಿ."

"ಏನೆ ಇದು, ಇಸ್ಕೂಲ್ ಐಕಳಂಗೆ."

"ನಿಲ್ಲಿ ಅಂದೆ."

ಅವನು ನಿಂತ. ಅವಳು ಹಿಂದಿನಿಂದ ಕರೆದಳು, "ಏನಂದ್ರೆ."

ಅವನು ತಿರುಗಿದ.

"ತಿರುಗಬೇಡಿ ಅಂದ್ನಲ್ಲ."

"ಕರೆದ್ಯಲ್ಲ ಮತ್ತೆ?"

ಮಜೀದಾ ದುಪಟ್ಟಾ ಬಾಯಿಗೆ ಅಡ್ಡ ಹಿಡಿದಳು. ಎರಡನೇ ಸಲವೂ ತಿರುಗಿದ. ಮೂರನೇ ಸಲ ತಲೆ ತಿರುಗಲಿಲ್ಲ, ಬಾಯಿ "ಆಂ?" ಅಂದಿತು.

"ಓಗೊಡೋದೂ ಬ್ಯಾಡ. ಮಿಷನ್ ನಿಂತ ಮ್ಯಾಲೆ ಮಾತು. ಅಲ್ಲೀಗಂಟ ನಾನು ಸತ್ತೆ ಅಂದ್ರೂ ಬ್ಯಾಡ."

ನಾಲ್ಕನೇ ಸಲ ಅವಳು ಮನೆಯಲ್ಲಿ ಕರೆಯುವ ಹಾಗೇ, ಅಡುಗೆಮನೆಯಿಂದ ಏನೋ ಬೇಕಾದವಳ ಹಾಗೇ, ಎಳೆದು ಕರೆದಳು. "ಏನಂದ್ರೇ."

ಮುನಿರಾಮಯ್ಯನ ಕತ್ತಿನ ನರ ಬಿಗಿಯಿತು. ಕಿವಿ ಕೆಂಪಗಾಯಿತು. ಹಲಗೆ ನೆಟ್ಟಗೆ ಮುಂದಕ್ಕೆ ಹೋಯಿತು. ಅವನು ತಿರುಗಲಿಲ್ಲ.

ಗೆದ್ದವಳು ಅವಳೇ. ಆದರೂ ಆ ಬೆನ್ನನ್ನು ನೋಡುತ್ತಾ ನಿಂತಾಗ, ಎಲ್ಲೋ ಎದೆಯ ಮೂಲೆಯಲ್ಲಿ ಒಸಿ ಚುರುಕ್ ಅಂತು.

"ಈ ಮೊಣಕಾಲಿನ ಸ್ವಿಚ್ಚಿಂದೇ ಕೊಡಮ್ಮ," ಅಂದಳು ಮಜೀದಾಗೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ಆ ಎಮ್ಮೆ ಬ್ಯಾಡ."

ಮುನಿರಾಮಯ್ಯ ಇನ್ನೂ ಆ ಕಡೆಗೇ ಮುಖ ಮಾಡಿ ನಿಂತಿದ್ದ. "ಈಗ ತಿರುಗಬೌದಾ?" ಅಂತ ಕೇಳಿದ.