ಗದ್ದದ ಹಚ್ಚೆ

ಅಜ್ರೂ ಊರಿನ ಹೆಂಗಸರ ಸ್ನಾನದ ಮನೆಯಲ್ಲಿ, ಹಮ್ಮಾಮಿನಲ್ಲಿ, ಮೂವತ್ತೈದು ವರ್ಷ ಮೈ ಉಜ್ಜಿದವಳು ಇಟ್ಟೊ. ಕಪ್ಪು ಸಾಬೂನು ಬಳಿದು, ಬಿಸಿನೀರಲ್ಲಿ ನೆನೆಸಿ, ಒರಟು ಕೈಗವಸು ತೊಟ್ಟು ಎಳೆದರೆ ಮೇಲಿನ ಸತ್ತ ಚರ್ಮ ಶ್ಯಾವಿಗೆಯಂತೆ ಸುರುಳಿ ಸುತ್ತಿ ಉದುರುತ್ತದೆ. ಅದರಡಿ ಎಳೆಯ ಚರ್ಮ, ಅದಕ್ಕೂ ಕೆಳಗೆ ರಕ್ತ ಓಡಾಡುವ ಜೀವಂತ ಪದರ, ಆಮೇಲೆ ಕೊಬ್ಬು. ಎಲ್ಲಿ ಕೈ ತಡೆಯಬೇಕೆಂದು ಅವಳ ಬೆರಳಿಗೆ ಗೊತ್ತು. ಓದಿದವರಿಗೆ ಇದಕ್ಕೊಂದು ಪುಸ್ತಕ ಬೇಕು.

ಅವಳ ಗದ್ದದ ಮೇಲೆ ಹಸಿರು ಹಚ್ಚೆ. ಹನ್ನೆರಡರ ಹುಡುಗಿಯಾಗಿದ್ದಾಗ ಅಜ್ಜಿ ಸೂಜಿ ಚುಚ್ಚಿ ಮಸಿ ತುಂಬಿದ್ದಳು. ಈಗ, ಹಜ್ಜಿಗೆ ಹೆಸರು ಕೊಟ್ಟು ಹನ್ನೊಂದು ವರ್ಷ ಕಾದ ಮೇಲೆ, ಚೀಟಿ ಎತ್ತಿದಾಗ ತಾಯಿ ಮಗ ಇಬ್ಬರ ಹೆಸರೂ ಬಂದಿತ್ತು. ಆಗ ಮಗ ಲಹ್ಸೆನ್ ತಕರಾರು ತೆಗೆದ.

"ಯೆಮ್ಮಾ, ಅದನ್ನ ತೆಗೆದುಹಾಕು. ಹಚ್ಚೆ ಇದ್ದ ಕಡೆ ಚರ್ಮಕ್ಕೆ ನೀರು ತಾಗಲ್ಲ. ನೀರು ತಾಗದೆ ನಮಾಜಿಗೆ ಮುಂಚೆ ಮುಖ ಕೈಕಾಲು ತೊಳೆಯೋ ವುಜೂ ಆಗಲ್ಲ, ವುಜೂ ಇಲ್ದೆ ನಮಾಜೂ ಇಲ್ಲ, ಹಜ್ಜೂ ಇಲ್ಲ."

"ಯಾರೋ ಹೇಳಿದ್ದು?"

"ಮೊಬೈಲಲ್ಲಿ ಒಬ್ರು ಶೇಖ್ ಹೇಳಿದ್ರು."

"ಅಯ್ಯೋ ಕತ್ತೆ! ಮಸಿ ಕೂತಿರೋದು ಒಳಗಿನ ತೊಗಲಲ್ಲಿ. ಮೇಲಿನದನ್ನ ವಾರವಾರ ಉಜ್ಜಿ ಉದುರಿಸ್ತೀನಿ, ಒಂದಿನ ಆದ್ರೂ ಬಣ್ಣ ಕೈಗೆ ಬಂದಿದ್ಯಾ?"

"ಹಮ್ಮಾಮಿನವಳ ಫತ್ವಾ ಕೇಳಿ!" ಎಂದು ನಕ್ಕವನು ಮುಖ ಬಿಗಿದ. "ಹೀಗೇ ಬರೋದಾದ್ರೆ ನಾನು ಕರ್ಕೊಂಡು ಹೋಗಲ್ಲ."

ಅವನಿಲ್ಲದೆ ಅವಳಿಗೆ ಮಕ್ಕಾ ಇಲ್ಲ. ಸಂತೆಯ ಮದ್ದಿನವನಿಂದ ಅವನು ತಂದ ಹಚ್ಚೆ ತೆಗೆಯುವ ಮದ್ದಿನ ಸೀಸೆಯ ಮುಚ್ಚಳ ತೆಗೆದಾಗಲೇ ಮೂಗಿಗೆ ಘಾಟು ಹೊಡೆಯಿತು. ಇದು ಯಾವ ಪದರದವರೆಗೆ ಸುಡುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಬಳಿದುಕೊಂಡಳು. ಮಕ್ಕಳ ಮುಂದೆ ತಾಯಂದಿರ ಬುದ್ಧಿ ಹೀಗೇ ಮಣ್ಣು ತಿನ್ನುತ್ತದೆ.

ನಾಲ್ಕನೆಯ ದಿನಕ್ಕೆ ಗದ್ದ ಕೊಳೆಯತೊಡಗಿತು. ಕೀವಿನ ನಡುವೆ ಹಚ್ಚೆ ಹಾಗೆಯೇ ಇತ್ತು. ನೋಡಲು ಬಂದ ಮಸೀದಿಯ ಮುದಿ ಇಮಾಮರು ತಲೆ ಚಚ್ಚಿಕೊಂಡರು.

"ಬಣ್ಣ ಇರೋದು ಒಳಗೆ, ನೀರು ಹರಿಯೋದು ಮೇಲೆ. ವುಜೂ ಯಾವತ್ತೂ ಆಗ್ತಿತ್ತಲ್ಲಮ್ಮ! ಎರಡು ಹೆಜ್ಜೆ ಬಂದು ನನ್ನನ್ನ ಕೇಳಬಾರದಿತ್ತಾ? ಈಗ ನೋಡು, ಆ ಗಾಯಕ್ಕೆ ನೀರು ತಾಗಿಸೋ ಹಾಗೇ ಇಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪಕ್ಕದಲ್ಲಿದ್ದ ಲಹ್ಸೆನ್ ಸೀಸೆಯ ಮುಚ್ಚಳ ಬಿಗಿದು ಆಚೆಗಿಟ್ಟ.

ಹಜ್ಜಿಗೆ ಹೋಗುವವರನ್ನು ಪರೀಕ್ಷಿಸುವ ಡಾಕ್ಟರು ಗಾಯದ ಪಟ್ಟಿ ಬಿಚ್ಚಿ ನೋಡಿ, ಈ ಸಲ ಆಗದು ಎಂದು ಅವಳ ಹೆಸರು ಹೊಡೆದುಹಾಕಿದರು. ದಾರಿಯಲ್ಲಿ ಮಗ ಮೆಲ್ಲಗೆ ಹೇಳಿದ:

"ಮುಂದಿನ ಸಲ ನೋಡೋಣ ಯೆಮ್ಮಾ. ಬಂದ ಪಾಳಿ ನಾನಾದ್ರೂ ಯಾಕೆ ಬಿಡ್ಲಿ?"

ಹೊರಡುವ ದಿನ ಲಹ್ಸೆನ್, ಕ್ಷಮೆ ಪಡೆಯದೆ ಹೋದವರ ಹಜ್ಜು ಫಲಿಸದೆಂದು ನಡೆದುಬಂದ ಪದ್ಧತಿಯಂತೆ, ಮನೆಮನೆಗೂ ಹೋಗಿ ಕ್ಷಮೆ ಕೇಳಿದ. ಎಲ್ಲರೂ ಎದೆಗೆ ಕೈಯಿಟ್ಟು "ಕ್ಷಮಿಸಿದ್ದೀನಿ, ದೇವರೂ ಕ್ಷಮಿಸ್ಲಿ" ಎಂದರು. ಬೇರೆ ಉತ್ತರ ಆ ಬೀದಿಯಲ್ಲಿ ಯಾರೂ ಕೇಳಿದ್ದಿಲ್ಲ. ಕೊನೆಗೆ ತನ್ನ ಮನೆಯ ಹೊಸಿಲಲ್ಲಿ ತಾಯಿಯ ಕೈ ಹಿಡಿದು ಮುತ್ತಿಟ್ಟ. ಅಕ್ಕಪಕ್ಕದವರೆಲ್ಲ ನೆರೆದಿದ್ದರು.

"ನನ್ನಿಂದ ತಪ್ಪಾಗಿದ್ರೆ ಕ್ಷಮಿಸಿಬಿಡು ಯೆಮ್ಮಾ."

ಇಟ್ಟೊ ಕೈ ಬಿಡಿಸಿಕೊಂಡಳು.

"ಇಲ್ಲ ಮಗನೇ, ಕ್ಷಮಿಸಿಲ್ಲ. ಹಾಗೇ ಹೋಗು."